ಇಟ್ಟಿಗೆ ಕೊಟ್ಟವರ ಕ್ಲಬ್ಬು

ಬ್ರೆಜಿಲ್‌ನ ಸಾವೊ ಪಾಲೊ ರಾಜ್ಯದ ಕಂಪಿನಾಸ್ ನಗರದಲ್ಲಿ ಮೊಯ್ಸೆಸ್ ಲುಕರೆಲ್ಲಿ ಎಂಬ ಫುಟ್‌ಬಾಲ್ ಕ್ರೀಡಾಂಗಣವಿದೆ. ಪೊಂಟೆ ಪ್ರೆಟಾ ಕ್ಲಬ್ಬಿನ ತವರು ಅದು. 1940ರ ದಶಕದಲ್ಲಿ ಕ್ಲಬ್ಬಿಗೆ ಸ್ವಂತ ಅಂಗಳ ಬೇಕೆನಿಸಿದಾಗ ಮುಂದೆ ಆ ಅಂಗಳಕ್ಕೆ ಹೆಸರಾದ ಲುಕರೆಲ್ಲಿ ಮತ್ತು ಅವರ ಕೆಲವು ಗೆಳೆಯರು ಜಾಗ ಹೊಂದಿಸಿದರು. ಉಳಿದ ಭಾರವನ್ನು ಅಭಿಮಾನಿಗಳು ಹೊತ್ತರು. ಇಟ್ಟಿಗೆ ಸಂಗ್ರಹಕ್ಕೆ ಅಭಿಯಾನವೇ ನಡೆಯಿತು. ಕೈಲಾದವರು ಇಟ್ಟಿಗೆ ಕೊಟ್ಟರು, ಅದಾಗದವರು ಬಿಡುವಿನಲ್ಲಿ ಬಂದು ಮೈಮುರಿದು ದುಡಿದರು. 1948ರ ಸೆಪ್ಟೆಂಬರ್ 12ರಂದು ಉದ್ಘಾಟನೆಯಾಯಿತು. ಆ ಮೊದಲ ಪಂದ್ಯದಲ್ಲಿ ಪಿರಾಸಿಕಾಬಾ ಊರಿನ ತಂಡದೆದುರು ಪೊಂಟೆ 0–3ರಿಂದ ಸೋತಿತು. ಜನ ಮಾತ್ರ ಆ ಕ್ರೀಡಾಂಗಣವನ್ನು 'ಮಜೆಸ್ಟೋಸೊ', ಅಂದರೆ ಭವ್ಯವಾದದ್ದು, ಎಂದೇ ಕರೆಯುತ್ತ ಬಂದರು.

ಕ್ಲಬ್ ಹುಟ್ಟಿದ್ದು 1900ರ ಆಗಸ್ಟ್ 11ರಂದು. ಕೊಳೆಯದಿರಲೆಂದು ಡಾಂಬರು ಬಳಿದು ಕಪ್ಪಾಗಿದ್ದ ರೈಲ್ವೆ ಸೇತುವೆಯೊಂದರಿಂದ ಬಡಾವಣೆಗೂ ಕ್ಲಬ್ಬಿಗೂ ಪೊಂಟೆ ಪ್ರೆಟಾ, ಅಂದರೆ ಕಪ್ಪು ಸೇತುವೆ, ಎಂಬ ಹೆಸರು ಬಂತು. ಬ್ರೆಜಿಲ್‌ನಲ್ಲಿ ಗುಲಾಮಗಿರಿ ರದ್ದಾಗಿ ಆಗಿನ್ನೂ 12 ವರ್ಷ. ಫುಟ್‌ಬಾಲ್ ಉಳ್ಳವರ, ಬಿಳಿಯರ ಆಟವಾಗಿದ್ದ ಆ ಕಾಲದಲ್ಲಿ ಪೊಂಟೆಯ ಸ್ಥಾಪಕರ ಸಾಲಿನಲ್ಲೇ ಮಿಗೆಲ್ ದೊ ಕಾರ್ಮೊ ಎಂಬ ಕಪ್ಪು ಆಟಗಾರನಿದ್ದ. ರೈಲ್ವೆ ನೌಕರ. ದೇಶದ ಮೊದಲ ಕಪ್ಪು ಫುಟ್‌ಬಾಲಿಗ ಈತನೇ ಎಂದು ಕ್ಲಬ್ ಹೆಮ್ಮೆಪಡುತ್ತದೆ. ಬಡವರು, ಕಪ್ಪುಜನರು ತುಂಬಿದ್ದ ಪೊಂಟೆಯ ಅಭಿಮಾನಿ ಬಳಗವನ್ನು ಎದುರಾಳಿಗಳು ಕೋತಿಗಳೆಂದು ಹಂಗಿಸಿದರು. ಬಳಗ ಆ ಬೈಗುಳವನ್ನೇ ಎತ್ತಿಕೊಂಡು ಹೆಣ್ಣುಕೋತಿಯನ್ನು ತನ್ನ ಲಾಂಛನ ಮಾಡಿಕೊಂಡಿತು. ಅವಮಾನಕ್ಕೆ ಇದಕ್ಕಿಂತ ದಿಟ್ಟ ಉತ್ತರ ನನಗೆ ಗೊತ್ತಿಲ್ಲ.

ಬಿಳಿ ಅಂಗಿಯ ಮೇಲೆ ಓರೆಯಾಗಿ ಇಳಿದ ಕಪ್ಪುಪಟ್ಟಿ ಈ ತಂಡದ ಗುರುತು. 1970ರ ದಶಕ ಇದರ ಸುವರ್ಣಕಾಲ. 1978ರ ವಿಶ್ವಕಪ್‌ನ ಬ್ರೆಜಿಲ್ ತಂಡಕ್ಕೆ ಗೋಲ್‌ಕೀಪರ್ ಕಾರ್ಲೋಸ್, ರಕ್ಷಣಾ ಆಟಗಾರರಾದ ಆಸ್ಕರ್ ಮತ್ತು ಪೊಲೊಜಿ, ಹೀಗೆ ಮೂವರು ಈ ಒಂದೇ ಕ್ಲಬ್ಬಿನಿಂದ ಹೋದರು. ಅದರ ಹಿಂದಿನ ವರ್ಷದ ರಾಜ್ಯ ಫೈನಲ್‌ನಲ್ಲಿ ಎದುರಾಳಿ ಕೊರಿಂಥಿಯನ್ಸ್. ಕಿಕ್ಕಿರಿದ ಮೊರುಂಬಿ ಕ್ರೀಡಾಂಗಣದಲ್ಲಿ ಎರಡನೇ ಪಂದ್ಯವನ್ನು ಪೊಂಟೆ 2–1ರಿಂದ ಗೆದ್ದಿತು. ಅಕ್ಟೋಬರ್ 13ರ ಮೂರನೇ ಪಂದ್ಯದಲ್ಲಿ ಕೊರಿಂಥಿಯನ್ಸ್‌ನ ಬಸಿಲಿಯೊ ಹೊಡೆದ ಒಂದೇ ಗೋಲು ಪ್ರಶಸ್ತಿಯನ್ನು ಕಿತ್ತುಕೊಂಡಿತು. 2013ರಲ್ಲಿ ಕೋಪಾ ಸುಡಾಮೆರಿಕಾನಾ ಫೈನಲ್‌ನಲ್ಲೂ ಸೋಲೇ ಕಾದಿತ್ತು.

ನಡೆದೇ ಹೋಗುವಷ್ಟು ದೂರದಲ್ಲಿ ಬದ್ಧ ಎದುರಾಳಿ ಗ್ವಾರಾನಿಯ ಅಂಗಳವಿದೆ. ಅವರು 1978ರಲ್ಲೇ ದೇಶದ ಚಾಂಪಿಯನ್ನರಾದರು. ಪೊಂಟೆಯವರ ಪಾಲಿಗೆ ಈ ನೆರೆಹೊರೆ ಎಷ್ಟು ಚುಚ್ಚಿರಬೇಕು!

ಹಳೆಯದನ್ನು ಬಿಟ್ಟು ಹೊಸ ಅರೇನಾ ಕಟ್ಟುವ ಮಾತು ಆಗಾಗ ಏಳುತ್ತದೆ. ಕ್ಲಬ್ಬಿನ ಹಣದ ಮುಗ್ಗಟ್ಟು ನಿಜವೇ. ಆದರೂ ಜನರು ಕೈಯಾರೆ ಎಬ್ಬಿಸಿದ ಈ ಗೋಡೆಗಳನ್ನು ಕೆಡವಬಾರದು. 2025ರಲ್ಲಿ ಪೊಂಟೆ ಪ್ರೆಟಾ ಮೂರನೇ ದರ್ಜೆಯ ರಾಷ್ಟ್ರೀಯ ಲೀಗ್ ಗೆದ್ದಿತು. 125 ವರ್ಷಗಳಲ್ಲಿ ಅದರ ಮೊದಲ ರಾಷ್ಟ್ರೀಯ ಪ್ರಶಸ್ತಿ ಅದು. ಕಪ್ ಎತ್ತಿದ್ದು ಇದೇ ಮಜೆಸ್ಟೋಸೊದಲ್ಲಿ.