ವಿಮಾನದ ಸದ್ದು: ಬೇಲಿಯಾಚೆ ಉಳಿಯುವವರಿಗೆ ಕಾನೂನಿನಲ್ಲಿ ಏನಿದೆ?

ಹೊಸೂರಿನಲ್ಲಿ 2,000 ಎಕರೆಯಲ್ಲಿ, ವರ್ಷಕ್ಕೆ 3 ಕೋಟಿ ಪ್ರಯಾಣಿಕರ ಸಾಮರ್ಥ್ಯದ ವಿಮಾನ ನಿಲ್ದಾಣ ಕಟ್ಟುವುದಾಗಿ ತಮಿಳುನಾಡು ಸರ್ಕಾರ 2024ರ ಜೂನ್‌ನಲ್ಲಿ ವಿಧಾನಸಭೆಯಲ್ಲಿ ಪ್ರಕಟಿಸಿತು. ಇಂಥ ಯೋಜನೆ ಬಂದಾಗ ಯಾರ ಜಮೀನು ಹೋಗುತ್ತದೆ, ಎಕರೆಗೆ ಎಷ್ಟು ಸಿಗುತ್ತದೆ ಎಂಬುದೇ ಮೊದಲ ಪ್ರಶ್ನೆ. ಜಮೀನು ಉಳಿದು, ಬೇಲಿಯ ಆಚೆ ಬದುಕಬೇಕಾದವರನ್ನು ಕೇಳುವವರು ಕಡಿಮೆ. ಅವರ ಪಾಲಿಗೆ ಬರುವುದು ಪರಿಹಾರವಲ್ಲ, ಸದ್ದು.

2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಹಗಲು ಎಂದು ಲೆಕ್ಕ. ವಿಮಾನ ನಿಲ್ದಾಣಗಳಿಗೆ ಮಾತ್ರ ಕೇಂದ್ರ ಪರಿಸರ ಸಚಿವಾಲಯ 2018ರ ಜೂನ್‌ನಲ್ಲಿ ಬೇರೆ ಮಿತಿ ಹಾಕಿತು. ವರ್ಷಕ್ಕೆ 50,000ಕ್ಕಿಂತ ಹೆಚ್ಚು ಬಾರಿ ವಿಮಾನಗಳು ಏರಿ ಇಳಿಯುವ ನಿಲ್ದಾಣದ ಶಬ್ದ ವಲಯದಲ್ಲಿ ಹಗಲು 70, ರಾತ್ರಿ 65 ಡೆಸಿಬೆಲ್.

45ಕ್ಕೂ 65ಕ್ಕೂ ಇಪ್ಪತ್ತೇ ವ್ಯತ್ಯಾಸ ಎನ್ನಬೇಡಿ. ಪ್ರತಿ 10 ಡೆಸಿಬೆಲ್‌ಗೆ ಶಬ್ದದ ಶಕ್ತಿ ಹತ್ತು ಪಟ್ಟು ಏರುತ್ತದೆ. ಇಪ್ಪತ್ತಕ್ಕೆ ನೂರು ಪಟ್ಟು. ಅದೂ ಇದು ಸರಾಸರಿ ಲೆಕ್ಕ. ನಡುರಾತ್ರಿ ಒಂದು ವಿಮಾನ ಮಗುವನ್ನು ಎಬ್ಬಿಸಿದರೂ ಇಡೀ ರಾತ್ರಿಯ ಸರಾಸರಿ ಮಿತಿಯೊಳಗೇ ಇರಬಹುದು.

ಬೇಲಿಯಾಚೆಯವರಿಗೂ ಹಕ್ಕುಂಟು ಎಂದು ಹೇಳಿದ ಹಳೆಯ ತೀರ್ಪೊಂದಿದೆ. ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ ಕಾಸ್ಬಿ ಎಂಬ ರೈತ ಕೋಳಿ ಸಾಕುತ್ತಿದ್ದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಸೇನಾ ವಿಮಾನಗಳು ಅವರ ಜಮೀನಿನ ಮೇಲೆ ಕೇವಲ 83 ಅಡಿ ಎತ್ತರದಲ್ಲಿ ಹಾರುತ್ತಿದ್ದವು. ಸುಮಾರು 150 ಕೋಳಿಗಳು ಬೆದರಿ ಗೋಡೆಗೆ ಬಡಿದು ಸತ್ತವು, ಕಸುಬೇ ನಿಂತಿತು. ಅಷ್ಟು ಕೆಳಗೆ ಪದೇ ಪದೇ ಹಾರುವುದು ಜಮೀನು ವಶಪಡಿಸಿಕೊಂಡಂತೆಯೇ, ಪರಿಹಾರ ಕೊಡಬೇಕು ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1946ರಲ್ಲಿ ಹೇಳಿತು.

ನಮ್ಮಲ್ಲಿ ಜನ ಮಾತನಾಡಲು ಇರುವ ಜಾಗ ಪರಿಸರ ಸಾರ್ವಜನಿಕ ವಿಚಾರಣೆ. 2006ರ ಪರಿಸರ ಅಧಿಸೂಚನೆಯಂತೆ ಅದಕ್ಕೆ ಕನಿಷ್ಠ 30 ದಿನ ಮೊದಲೇ ನೋಟಿಸ್ ಕೊಡಬೇಕು. ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲೂ ಸಿಗಬೇಕು. ಗಡಿಯೂರಿನ ಕನ್ನಡಿಗರು ಅದನ್ನು ತಮಿಳಿನಲ್ಲೇ ಓದಿಕೊಂಡರೂ ಸರಿ, ವಿಚಾರಣೆಗೆ ಹೋಗಿ ಮೂರು ಪ್ರಶ್ನೆ ಕೇಳಬೇಕು: ಶಬ್ದ ವಲಯದ ನಕ್ಷೆಯಲ್ಲಿ ನಮ್ಮ ಊರು ಎಲ್ಲಿದೆ? ರಾತ್ರಿ ಎಷ್ಟು ವಿಮಾನ ಹಾರುತ್ತವೆ? ಶಾಲೆ, ಆಸ್ಪತ್ರೆ, ಮನೆಗಳಿಗೆ ಸದ್ದು ತಡೆಯುವ ಖರ್ಚು ಯಾರದು?

ರನ್‌ವೇ ಯಾವ ದಿಕ್ಕಿಗೆ ಎಂದು ತೀರ್ಮಾನವಾಗುವ ಮೊದಲು ಕೇಳಿದರೆ ದಿಕ್ಕು ಬದಲಿಸಲು ಸಾಧ್ಯ. ಆಮೇಲೆ ಕೇಳಿದರೆ ಕಿಟಕಿ ಮುಚ್ಚಿಕೊಳ್ಳುವುದೊಂದೇ ದಾರಿ.