ಪಾರ್ಲಿಮೆಂಟಿನ ಮುಖ್ಯ ಕಾರ್ಯ

ಪಾರ್ಲಿಮೆಂಟೆಂದರೆ ಶಾಸನಗಳನ್ನು ರಚಿಸುವ ಸಭೆಯೆಂಬುದು ಸಾಮಾನ್ಯವಾದ ತಿಳಿವಳಿಕೆ. ಅದು ಸುಳ್ಳಲ್ಲ; ಆದರೆ ಶಾಸನವನ್ನು ಅರಸನೊಬ್ಬನೇ ಮಾಡಬಲ್ಲನು. ಹಾಗಾದರೆ ಪಾರ್ಲಿಮೆಂಟಿನಿಂದ ಮಾತ್ರವೇ ಆಗತಕ್ಕ ಕಾರ್ಯವಾವುದು? ಇದನ್ನರಿಯಲು ಇಂಗ್ಲೆಂಡಿನ ಚರಿತ್ರೆಯೇ ಬೇಕೆಂದಿಲ್ಲ; ನಮ್ಮ ಮೈಸೂರಿನ ಚರಿತ್ರೆಯೇ ಸಾಕು.

1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆಯು ಸ್ಥಾಪಿತವಾಯಿತು. ಮೊದಲ ಅಧಿವೇಶನಕ್ಕೆ 144 ಮಂದಿ ಪ್ರತಿನಿಧಿಗಳು ಮೈಸೂರಿನಲ್ಲಿ ನೆರೆದರು. ದಸರೆಯ ಕಾಲದ ಈ ಸಭೆಯಲ್ಲಿ ದಿವಾನರು ಸಂಸ್ಥಾನದ ಆದಾಯವೆಚ್ಚಗಳನ್ನು ವಿವರಿಸುವರು. ಪ್ರತಿನಿಧಿಗಳು ತಮ್ಮ ಸೀಮೆಯ ಕಷ್ಟಗಳನ್ನು ಅರಿಕೆಮಾಡಿಕೊಳ್ಳುವರು. ಅರಿಕೆಯನ್ನು ಮನ್ನಿಸುವುದು, ಬಿಡುವುದು ಸರ್ಕಾರದ ಚಿತ್ತ. 1923ರಲ್ಲಿ ಸಭೆಗೆ ಶಾಸನದ ಆಧಾರವೂ, ಹೊಸ ತೆರಿಗೆಗಳ ವಿಷಯದಲ್ಲಿ ಅಭಿಪ್ರಾಯ ಹೇಳುವ ಹಕ್ಕೂ ದೊರೆತುವು. ಆಗಲೂ ದಿವಾನರು ಹೊಣೆಯಾಗಿದ್ದುದು ಮಹಾರಾಜರಿಗೇ ಹೊರತು ಸಭೆಗಲ್ಲ.

ಈ ಕೊರತೆಯು ಮಂಡ್ಯದ ಸೀಮೆಯ ಜನರಿಗೂ ತಿಳಿದಿದ್ದಿತು. 1938ರ ಏಪ್ರಿಲಿನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಸಾವಿರಾರು ಜನರು ಕೂಡಿದರು. ನಿಷೇಧಾಜ್ಞೆಯನ್ನು ಮೀರಿ ಟಿ. ಸಿದ್ದಲಿಂಗಯ್ಯನವರು ರಾಷ್ಟ್ರಧ್ವಜವನ್ನೇರಿಸಿ ಬಂಧಿತರಾದರು. ಆ ಚಳವಳಿಯ ಗುರಿ ಜವಾಬ್ದಾರಿ ಸರ್ಕಾರ. 1947ರ ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲವು ಬಂದಾಗ ಅದು ಮೈಸೂರಿಗೆ ಲಭಿಸಿತು.

ಈ ಜವಾಬ್ದಾರಿಯೇ ಪಾರ್ಲಿಮೆಂಟಿನ ಜೀವಾಳ. ನಮ್ಮ ಸಂವಿಧಾನದ 75ನೆಯ ಅನುಚ್ಛೇದದಂತೆ ಮಂತ್ರಿಮಂಡಲವು ಒಟ್ಟಾಗಿ ಲೋಕಸಭೆಗೆ ಹೊಣೆ. ಸಭೆಯ ವಿಶ್ವಾಸ ತಪ್ಪಿದರೆ ಅದು ಅಧಿಕಾರವನ್ನು ಬಿಡಬೇಕು. ಇಲಾಖೆಗಳು ಕೇಳುವ ಹಣವನ್ನು ಮಂಜೂರು ಮಾಡುವುದೂ ಲೋಕಸಭೆಯೇ.

ಕಬ್ಬಿನ ಸಂಗತಿಯನ್ನೇ ನೋಡಿರಿ. ಮಂಡ್ಯ, ಮದ್ದೂರು, ಮಳವಳ್ಳಿಗಳ ರೈತನಿಗೆ ಕಾರ್ಖಾನೆಯು ಕೊಡಬೇಕಾದ ಕನಿಷ್ಠ ಬೆಲೆಯನ್ನು ಕೇಂದ್ರ ಸರ್ಕಾರವು 1966ರ ಕಬ್ಬು ನಿಯಂತ್ರಣಾಜ್ಞೆಯಂತೆ ಗೊತ್ತುಮಾಡುತ್ತದೆ. ಆ ಆಜ್ಞೆಗೆ ಮೂಲವು ಪಾರ್ಲಿಮೆಂಟು 1955ರಲ್ಲಿ ಮಾಡಿದ ಅವಶ್ಯಕ ವಸ್ತುಗಳ ಶಾಸನ. ಇಂತಹ ಆಜ್ಞೆಗಳನ್ನು ಉಭಯ ಸಭೆಗಳ ಮುಂದಿಡಬೇಕೆಂದು ಆ ಶಾಸನವೇ ವಿಧಿಸಿದೆ. ಬೆಲೆ ಸಾಲದೆಂದು ತೋರಿದರೆ ಮಂಡ್ಯದ ಸದಸ್ಯರು ಮಂತ್ರಿಯನ್ನು ಪ್ರಶ್ನಿಸಬಹುದು. ಮಂತ್ರಿಯು ಉತ್ತರ ಕೊಡಬೇಕು. ಅಂದಿನ ಅರಿಕೆಗೂ ಇಂದಿನ ಪ್ರಶ್ನೆಗೂ ಇರುವ ಅಂತರವಿದು.

ಬಹುಮತದ ಪಕ್ಷವೇ ಮಂತ್ರಿಮಂಡಲವನ್ನು ರಚಿಸುವುದರಿಂದ ಆ ಪಕ್ಷದ ಸದಸ್ಯರು ಪ್ರಶ್ನಿಸಲು ಹಿಂಜರಿಯುವುದುಂಟು. ಆದುದರಿಂದಲೇ ವಿರೋಧ ಪಕ್ಷಕ್ಕೆ ಸಭೆಯಲ್ಲಿ ಮಹತ್ತ್ವವುಂಟು. ಲೆಕ್ಕಪತ್ರ ಸಮಿತಿಯ ಅಧ್ಯಕ್ಷ ಪದವಿಯು 1967ರಿಂದ ರೂಢಿಯಂತೆ ಅದಕ್ಕೇ ಸಲ್ಲುತ್ತ ಬಂದಿದೆ. ಹಕ್ಕು ಬರೆಹದಲ್ಲಿದ್ದರೆ ಸಾಲದು. ಅದನ್ನು ಬಳಸುವ ಸದಸ್ಯರು ಬೇಕು. ಅಂಥವರನ್ನು ಆರಿಸುವುದೂ, ಆರಿಸಿದ ಮೇಲೆ ಅವರು ಸಭೆಯಲ್ಲಿ ಏನು ಕೇಳಿದರೆಂದು ವಿಚಾರಿಸುವುದೂ ನಮಗೆ ಸೇರಿದ ಕೆಲಸ.