ಯಂತ್ರ ಬರಲಿ, ಮನುಷ್ಯ ಮರೆಯಾಗದಿರಲಿ

ಅಂಗಡಿ, ಸಹಕಾರ ಸಂಘ, ಶಾಲೆ, ಆಸ್ಪತ್ರೆ ಎಲ್ಲೆಡೆ ಇಂದು ಲೆಡ್ಜರ್ ಪುಸ್ತಕದ ಜಾಗಕ್ಕೆ ಕಂಪ್ಯೂಟರ್ ಬಂದಿದೆ. 2016ರಲ್ಲಿ ಯುಪಿಐ ಆರಂಭವಾದ ನಂತರ ಮೀನು ಮಾರುವ ಮಹಿಳೆಯರ ಬುಟ್ಟಿಯ ಪಕ್ಕದಲ್ಲೂ ಕ್ಯೂಆರ್ ಕೋಡ್ ಕಾಣಸಿಗುತ್ತದೆ. ಈ ಬದಲಾವಣೆಯನ್ನು ನಾವು ಬೇಡವೆನ್ನಬೇಕಾಗಿಲ್ಲ. ಆದರೆ ಸಂಸ್ಥೆಯನ್ನು ನಡೆಸುವವರು ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಲೇಬೇಕು. ಇಪ್ಪತ್ತು ವರ್ಷ ದುಡಿದ ಗುಮಾಸ್ತರ ಗತಿಯೇನು? ಮೊಬೈಲ್ ಬಳಸಲು ತಿಳಿಯದ ಹಿರಿಯರು ಎಲ್ಲಿಗೆ ಹೋಗಬೇಕು?

ಉತ್ತರಕ್ಕಾಗಿ ದೂರ ಹೋಗಬೇಕಾಗಿಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ, 2020ರಲ್ಲಿ ಕೆನರಾ ಬ್ಯಾಂಕಿನೊಂದಿಗೆ ವಿಲೀನಗೊಂಡ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಯೋಜನೆಯನ್ನು ಆರಂಭಿಸಿತು. ಬಡವರು ಬ್ಯಾಂಕಿಗೆ ಬರಲಿ ಎಂದು ಕಾಯದೆ, ಬ್ಯಾಂಕಿನ ಪರವಾಗಿ ಸಂಗ್ರಾಹಕರೇ ದಿನಾ ಮನೆಬಾಗಿಲಿಗೆ ಹೋಗಿ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಪಡೆದುಕೊಂಡರು. ಮುಂದೆ ಪಿಗ್ಮಿ ಸಂಗ್ರಾಹಕರ ಕೈಗೆ ಪುಸ್ತಕದ ಬದಲು ರಶೀದಿ ಕೊಡುವ ಪುಟ್ಟ ಯಂತ್ರ ಬಂತು. ಲೆಕ್ಕದ ತಪ್ಪು ಕಡಿಮೆಯಾಯಿತು, ಹಣ ಕೊಟ್ಟವರಿಗೆ ಕೂಡಲೇ ಪುರಾವೆ ಸಿಕ್ಕಿತು. ಬದಲಾದದ್ದು ಲೆಕ್ಕ ಬರೆಯುವ ವಿಧಾನ ಮಾತ್ರ. ಹೆಸರು ಹಿಡಿದು ಮಾತನಾಡಿಸುವ ಮನುಷ್ಯ ಮನೆಗೆ ಬರುವುದು ನಿಲ್ಲಲಿಲ್ಲ.

ನೌಕರರ ವಿಷಯದಲ್ಲೂ ಪಾಠವಿದೆ. ಕೆಲಸ ಹೋದೀತೆಂಬ ಭಯದಿಂದ ಬ್ಯಾಂಕ್ ನೌಕರರ ಸಂಘಗಳು ಒಂದು ಕಾಲದಲ್ಲಿ ಕಂಪ್ಯೂಟರನ್ನು ವಿರೋಧಿಸಿದ್ದವು. ಆಡಳಿತದವರು ಅವರೊಂದಿಗೆ ಕುಳಿತು ಮಾತುಕತೆ ನಡೆಸಿ 1983ರಲ್ಲಿ, ಮತ್ತೆ 1993ರಲ್ಲಿ ಒಪ್ಪಂದ ಮಾಡಿಕೊಂಡರು. ದಾರಿ ನಿಧಾನವಾಗಿತ್ತು, ಆದರೆ ದುಡಿಯುವವರ ಮಾತಿಗೆ ಅಲ್ಲಿ ಸ್ಥಾನವಿತ್ತು.

ಪೋಪ್ ಎರಡನೇ ಜಾನ್ ಪಾಲರು 1981ರಲ್ಲಿ ‘ಲಾಬೊರೆಮ್ ಎಕ್ಸರ್ಸೆನ್ಸ್’ ಎಂಬ ವಿಶ್ವಪತ್ರದಲ್ಲಿ ಇದನ್ನೇ ವಿವರಿಸಿದ್ದಾರೆ. ಯಂತ್ರವು ಮನುಷ್ಯನ ಶ್ರಮವನ್ನು ಹಗುರಗೊಳಿಸುವ ಮಿತ್ರನಾಗಬಲ್ಲದು. ಅವನ ಕೆಲಸವನ್ನೂ ಅದರ ತೃಪ್ತಿಯನ್ನೂ ಕಸಿದುಕೊಂಡರೆ ಅದೇ ವೈರಿಯಾಗುತ್ತದೆ. ಯಾವುದಾಗಬೇಕೆಂಬುದನ್ನು ತೀರ್ಮಾನಿಸುವುದು ಯಂತ್ರವಲ್ಲ, ಅದನ್ನು ತರುವವರು.

ಹಾಗಾದರೆ ಏನು ಮಾಡಬಹುದು?

ಮೊದಲನೆಯದಾಗಿ, ತಂತ್ರಾಂಶ ಕೊಳ್ಳುವ ಮುನ್ನ ಕೌಂಟರಿನಲ್ಲಿ ಕುಳಿತವರನ್ನು ಕೇಳಬೇಕು. ಎಲ್ಲಿ ತೊಡಕಾಗುತ್ತಿದೆ ಎಂಬುದು ಮಾರಾಟಗಾರನಿಗಿಂತ ಅವರಿಗೆ ಚೆನ್ನಾಗಿ ಗೊತ್ತು.

ಎರಡನೆಯದಾಗಿ, ತರಬೇತಿಯನ್ನು ಕೆಲಸದ ಸಮಯದಲ್ಲೇ ಕೊಡಬೇಕು. ವಯಸ್ಸಾದ ನೌಕರರು ಕಲಿಯಲು ನಿಧಾನಿಸಿದರೆ ಅವರನ್ನು ಹೀಯಾಳಿಸಬಾರದು. ಗ್ರಾಹಕರ ಪರಿಚಯವಿರುವುದು ಅವರಿಗೇ.

ಮೂರನೆಯದಾಗಿ, ಹೊಸ ವ್ಯವಸ್ಥೆ ಸರಿಹೋಗುವ ತನಕ ಹಳೆಯದನ್ನೂ ಜೊತೆಯಲ್ಲೇ ನಡೆಸಬೇಕು. ನಂತರವೂ ಮೊಬೈಲ್ ಇಲ್ಲದವರಿಗಾಗಿ ಒಂದು ಕೌಂಟರ್ ತೆರೆದಿರಬೇಕು.

ನಾಲ್ಕನೆಯದಾಗಿ, ಉಳಿದ ಸಮಯವನ್ನು ಜನರಿಗೆ ಕೊಡಬೇಕು. ಯಂತ್ರ ಒಂದು ಗಂಟೆ ಉಳಿಸಿದರೆ ಆ ಒಂದು ಗಂಟೆ ಗ್ರಾಹಕರ ಮಾತು ಕೇಳಲು ಸಿಕ್ಕಿತೆಂದು ತಿಳಿಯಬೇಕೇ ಹೊರತು, ಒಬ್ಬ ನೌಕರನನ್ನು ಮನೆಗೆ ಕಳುಹಿಸಲು ಸಿಕ್ಕ ನೆಪವೆಂದಲ್ಲ.

ಧರ್ಮಕೇಂದ್ರದ ಕಾರ್ಯಕರ್ತರೂ ಇಲ್ಲಿ ನೆರವಾಗಬಹುದು. 70 ವರ್ಷ ದಾಟಿದವರಿಗೆ ಹಾಗೂ ಅಂಗವಿಕಲರಿಗೆ ಮನೆಯಲ್ಲೇ ಮೂಲ ಬ್ಯಾಂಕಿಂಗ್ ಸೇವೆ ಒದಗಿಸುವಂತೆ ರಿಸರ್ವ್ ಬ್ಯಾಂಕ್ 2017ರಲ್ಲಿ ಬ್ಯಾಂಕುಗಳಿಗೆ ಸೂಚಿಸಿದೆ. ಎಷ್ಟೋ ಹಿರಿಯರಿಗೆ ಈ ವಿಷಯ ತಿಳಿದಿಲ್ಲ. ವಾರ್ಡಿನ ಗುರಿಕಾರರು ಮನೆಭೇಟಿಯ ವೇಳೆ ಇದನ್ನು ತಿಳಿಸಿದರೆ ದೊಡ್ಡ ಉಪಕಾರ. ಯುವಜನರು ಮೊಬೈಲ್ ಬಳಕೆ ಕಲಿಸಲಿ. ಜೊತೆಗೆ ಪಿನ್ ಮತ್ತು ಒಟಿಪಿಯನ್ನು ತಮಗೂ ಸೇರಿ ಯಾರಿಗೂ ಹೇಳಬಾರದೆಂಬುದನ್ನೂ ಕಲಿಸಲಿ.

ಬಡಗಿಯಾಗಿ ದುಡಿದ ಸಂತ ಜೋಸೆಫರ ಕೈಯಲ್ಲೂ ಉಪಕರಣಗಳಿದ್ದವು. ಅವು ಅವರ ಕುಟುಂಬವನ್ನು ಸಲಹಿದವು. ನಮ್ಮ ಹೊಸ ಉಪಕರಣಗಳೂ ಮನೆಗಳನ್ನು ಸಲಹುವಂತಾಗಲಿ ಎಂಬುದೇ ನಮ್ಮ ಪ್ರಾರ್ಥನೆ.